ಟ್ವೈನ್ ಕಥೆಯ ಪಾತ್ರ: ಮಾಮೂಲಿ ಉತ್ತರ ಮೊದಲು ಬರೆಯಿರಿ

ಓದುಗರೇ ದಾರಿ ಆರಿಸುವ ಕಥೆ ಬರೆಯುವ ಮಕ್ಕಳು ಸುಳಿವು ಕೊಡುವ ಮಾತನ್ನು ಚೆಂದ ಬರೆಯುತ್ತಾರೆ. ಅದೇ ಪಾತ್ರದ ಹತ್ತಿರ ಬೇರೆ ಏನಾದರೂ ಕೇಳಿ, 'ಅವರು ಏನೂ ಹೇಳಲಿಲ್ಲ' ಅಂತ ಬರುತ್ತದೆ. ಮತ್ತೆ ಕೇಳಿದರೂ ಅದೇ. ಆಡುವವರಿಗೆ ಜಾಸ್ತಿ ಸಿಗುವುದು ಈ ಮಾಮೂಲಿ ಉತ್ತರವೇ ಅಲ್ವಾ?

ಮೊದಲು ಇಂಥ ಕಥೆ ಕಟ್ಟುವ ಸಾಧನವಾದ ಟ್ವೈನ್ ತೆರೆಯಿರಿ. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಕಥೆಯನ್ನು ನಡೆಸುವ ಫಾರ್ಮ್ಯಾಟ್ ಹಾರ್ಲೋ ಇರಲಿ, ಕೆಳಗಿನ ಆಜ್ಞೆಗಳೆಲ್ಲ ಅದರವೇ.

ನಂತರ ಪಾತ್ರಕ್ಕೊಂದು ಪ್ಯಾಸೇಜ್, ಅಂದರೆ ಕಥೆಯ ಒಂದು ಪುಟ, ಮಾಡಿ. ಇನ್‌ಫಾರ್ಮ್ 7 ಅನ್ನುವ ಇನ್ನೊಂದು ಕಥೆ-ಆಟದ ಸಾಧನದಲ್ಲಿ ಪಾತ್ರಗಳಿಗೆ ಸಿದ್ಧ ಉತ್ತರಗಳಿವೆ, ಆದರೆ ಇಂಗ್ಲಿಷಿನಲ್ಲಿ. ಟ್ವೈನ್‌ಗೆ ಪಾತ್ರ ಅಂದರೇನೆಂದೇ ಗೊತ್ತಿಲ್ಲ. ಹಾಗಾಗಿ ಎಲ್ಲ ನೀವೇ ಬರೆಯಬೇಕು. ಕನ್ನಡದಲ್ಲಿ ಬರೆಯುವವರಿಗೆ ನನ್ನ ಪ್ರಕಾರ ಇದೇ ಒಳ್ಳೆಯದು.

ಈಗ ಕಷ್ಟದ ಕೆಲಸ. ಪಾತ್ರ ಮಲ್ಪೆ ಬಂದರಿನಲ್ಲಿ ಮೀನು ಮಾರುವ ಗಿರಿಜಕ್ಕ ಅಂತಿಟ್ಟುಕೊಳ್ಳಿ. ಆಡುವವರು ಬರುವ ಮುಂಚೆ ಅವರು ಏನು ಮಾಡುತ್ತಿದ್ದರು? ಅಲ್ಲಿಂದ ಶುರು ಮಾಡಿ: 'ಗಿರಿಜಕ್ಕ ಬಂಗುಡೆ ಮೇಲೆ ಐಸ್ ಹರಡುತ್ತಾ, "ಮೊದಲು ಮೀನು ತಗೊಳ್ಳಿ, ಮತ್ತೆ ಮಾತಾಡುವ" ಅಂದರು.' ಸುಳಿವು ಸಿಗಲಿಲ್ಲ, ಆದರೆ ಮನುಷ್ಯರ ಹತ್ತಿರ ಮಾತಾಡಿದ ಹಾಗಾಯಿತು. ಎರಡನೇ ಸಲಕ್ಕೆ ಅವರಿಂದ ಸ್ವಲ್ಪ ಸಿಡುಕು. ಮೂರನೇ ಸಲದಿಂದ, ಎಲ್ಲಿ ವಿಚಾರಿಸಬೇಕು ಅನ್ನುವ ಸೂಚನೆ: "ಐಸ್ ಪ್ಲಾಂಟಿನವರನ್ನು ಕೇಳಿ ಮಾರಾಯ್ರೆ."

ಕಾಲವನ್ನೂ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಥೆ ಜುಲೈಯಲ್ಲಿ ನಡೆದರೆ ಗಿರಿಜಕ್ಕನ ಮುಂದೆ ಒಣಮೀನು ಇಡಿ, ಮಾತೂ ಅದರದ್ದೇ ಇರಲಿ.

ಉತ್ತರ ಬದಲಾಗಲಿ ಅಂತ ಕೆಲವರು ಸುಮ್ನೆ 'ಈದರ್' (either) ಆಜ್ಞೆ ಹಾಕುತ್ತಾರೆ. ಬೇಡ. ಅದು ಚೀಟಿ ಎತ್ತಿದ ಹಾಗೆ, ಸಿಡುಕಿದ ಮೇಲೆ ಮತ್ತೆ ಮೊದಲ ಮಾತು ಬರಬಹುದು. 'ವಿಸಿಟ್ಸ್' (visits) ಬಳಸಿ, ಆ ಪ್ಯಾಸೇಜಿಗೆ ಎಷ್ಟನೇ ಸಲ ಬಂದಿದ್ದಾರೆ ಅಂತ ಅದು ಹೇಳುತ್ತದೆ. ಯಾವ ಪಾತ್ರಕ್ಕೂ ತಾನೇ ಮಾತು ಹೊಸೆದುಕೊಡುವ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಗಿರಿಜಕ್ಕನೂ ಬಸ್ ಕಂಡಕ್ಟರೂ ಒಂದೇ ಥರ ಮಾತಾಡುತ್ತಾರೆ. ದಯವಿಟ್ಟು ಬೇಡ.

ಜೋಡಿಸುವಾಗ ವಿಶೇಷ ಉತ್ತರ ಮೇಲೆ, 'ಹೀಗಿದ್ದರೆ' ಅನ್ನುವ 'ಇಫ್'ನಲ್ಲಿ (if). ಉದಾಹರಣೆಗೆ, ಆಡುವವರು ದೋಣಿಯ ಬೀಗದ ಕೈ ತಂದಿದ್ದರೆ. ಕೆಳಗೆ 'ಇಲ್ಲ, ಹೀಗಿದ್ದರೆ' ಅನ್ನುವ 'ಎಲ್ಸ್-ಇಫ್'ಗಳಲ್ಲಿ (else-if) ಮೊದಲ, ಎರಡನೇ ಸಲದ ಮಾತು. ಕೊನೆಯ, 'ಯಾವುದೂ ಅಲ್ಲದಿದ್ದರೆ' ಅನ್ನುವ 'ಎಲ್ಸ್'ನಲ್ಲಿ (else) ಮೂರನೆಯದು. ಹಾರ್ಲೋ ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದನ್ನೇ ತೋರಿಸುತ್ತದೆ. 'ವಿಸಿಟ್ಸ್' ಸಾಲು ಮೇಲಿದ್ದರೆ, ಕೀ ಹಿಡಿದು ಮೊದಲ ಸಲ ಬಂದವರಿಗೂ "ಮೀನು ತಗೊಳ್ಳಿ" ಅನ್ನುವ ಮಾತೇ ಸಿಗುತ್ತದೆ.

ಕೀ ಇದೆಯೋ ಇಲ್ಲವೋ ಅಂತ ನೆನಪಿಡುವ ವೇರಿಯೇಬಲ್‌ನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿರಲಿ. ಕೀ ಸಿಕ್ಕರೆ 1, ಇಲ್ಲದಿದ್ದರೆ 0. ಹೆಸರಿನ ಕಾಗುಣಿತ ತಪ್ಪಿದರೆ ಹಾರ್ಲೋ ದೂರು ಹೇಳುವುದಿಲ್ಲ, 0 ಅಂತ ಓದಿಕೊಂಡು ಮಾಮೂಲಿ ಉತ್ತರವನ್ನೇ ತೋರಿಸುತ್ತದೆ. ಕೀ ಕೈಯಲ್ಲಿದ್ದರೂ ಗಿರಿಜಕ್ಕ ಬಾಯಿ ಬಿಡದಿದ್ದರೆ ಮೊದಲು ಈ ಹೆಸರನ್ನೇ ನೋಡಿ.

ಕೊನೆಗೆ ಕೀ ಇಲ್ಲದೆ ಮೂರು ಸಲ, ಕೀ ಹಿಡಿದು ಒಂದು ಸಲ ಆಡಿ ನೋಡಿ. ಬರೆದದ್ದೆಲ್ಲ ಬ್ರೌಸರಿನಲ್ಲೇ ಇರುತ್ತದೆ, ಅದರ ಡೇಟಾ ಅಳಿಸಿದರೆ ಕಥೆಯೂ ಹೋಗುತ್ತದೆ. ದಿನದ ಕೆಲಸ ಮುಗಿದ ಕೂಡಲೇ ಕಥೆಗಳ ಪ್ರತಿ ಇರುವ ಆರ್ಕೈವ್ ಫೈಲ್ ಇಳಿಸಿಕೊಳ್ಳಿ.