ಚಳಿಗಾಲದಲ್ಲಿ ಅಘನಾಶಿನಿ ಅಳಿವೆಯಲ್ಲಿ ಗಾಳ ಹಾಕುವವರಿಗೆ

ಮೊನ್ನೆ ಗೆಳೆಯನೊಂದಿಗೆ ಅಘನಾಶಿನಿಯ ಅಳಿವೆಯಲ್ಲಿ ದೋಣಿ ಇಳಿಸಿದ್ದೆ. ಡಿಸೆಂಬರಿನ ಮಂಜಿನಲ್ಲಿ ಎದುರಿನ ದಡವೇ ಕಾಣುತ್ತಿರಲಿಲ್ಲ. ದಯವಿಟ್ಟು ಮಂಜು ಕರಗುವವರೆಗೆ ಕಾಯಿರಿ, ಬೇರೆ ದೋಣಿಗಳು ನಿಮ್ಮನ್ನು ನೋಡಲಾರವು.

ಹೊರಡುವ ಮುನ್ನ ಉಬ್ಬರವಿಳಿತದ ಸಮಯ ತಿಳಿದಿರಲಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ನೀರು ಏರುವಾಗ ಮರಳುದಿಬ್ಬದ ಅಂಚಿನಲ್ಲಿ ಗಾಳ ಹಾಕಿದರೆ ಕಾಣೆ ಮೀನು ಸಿಗುತ್ತದೆ. ನಮಗೆ ಅಂದು ಏಳು ಸಿಕ್ಕವು. ಸಣ್ಣ ಕೊಕ್ಕೆ, ಸುಲಿದ ಸಿಗಡಿಯ ತುಂಡು ಸಾಕು. ಸಿಗಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿ, ಬಿಸಿಲಿಗೆ ಮೆತ್ತಗಾದರೆ ಕೊಕ್ಕೆಯಲ್ಲಿ ನಿಲ್ಲುವುದಿಲ್ಲ.

ಮುಖ್ಯ ಮಾತು ಲಂಗರಿನದು. ಅದನ್ನು ದೋಣಿಯ ಮುಂತುದಿಗೇ ಕಟ್ಟಿ. ಪಕ್ಕಕ್ಕೆ ಕಟ್ಟಿದರೆ ಇಳಿತದ ಸೆಳೆತಕ್ಕೆ ದೋಣಿ ಅಡ್ಡವಾಗಿ ವಾಲಿ ನೀರು ಒಳಗೆ ನುಗ್ಗುತ್ತದೆ. ಮೀನು ಸಿಕ್ಕ ಸಂಭ್ರಮದಲ್ಲಿ ಇಬ್ಬರೂ ಒಂದೇ ಬದಿಗೆ ಬಾಗಬೇಡಿ: ಗೆಳೆಯ ಎಳೆಯುವಾಗ ನಾನು ಎದುರು ಬದಿಯಲ್ಲೇ ಕುಳಿತಿರುತ್ತೇನೆ. ಈಜು ಬಂದರೂ ಲೈಫ್ ಜಾಕೆಟ್ ಕಳಚಬೇಡಿ. ಬೆರಳುದ್ದದ ಮರಿಗಳನ್ನು ಒದ್ದೆ ಕೈಯಲ್ಲೇ ಹಿಡಿದು ನೀರಿಗೆ ಬಿಡಿ, ಅವು ಬದುಕಿಕೊಳ್ಳಲಿ.