ಅಪೀಲು ಹಾಕಿದ್ದಾರೆ ಸರಿ, ಸ್ಟೇ ಎಲ್ಲಿದೆ?

ಹಣದ ಡಿಕ್ರಿ, ಅಂದರೆ ಇಂತಿಷ್ಟು ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು, ಕೈಗೆ ಬಂದ ಮೇಲೂ ಎಷ್ಟೋ ಜನ ಸುಮ್ನೆ ಕೂರುತ್ತಾರೆ. ಎದುರಿನವರು ಹೈಕೋರ್ಟಿಗೆ ಹೋಗಿದ್ದಾರಂತೆ, ಇನ್ನು ಅಲ್ಲಿ ಮುಗಿಯುವ ತನಕ ಏನೂ ಮಾಡುವಂತಿಲ್ಲ ಎಂದುಕೊಳ್ಳುತ್ತಾರೆ. ಇದು ತಪ್ಪು ತಿಳಿವಳಿಕೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮದಲ್ಲಿ ಸ್ಪಷ್ಟವಾಗಿಯೇ ಬರೆದಿದೆ: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಸ್ಟೇ, ಅಂದರೆ ತಡೆಯಾಜ್ಞೆ ಬೇಕು.

ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಕೇಸು ನಡೆಸುವವನು. ಒಬ್ಬ ನಿವೃತ್ತ ಮೇಷ್ಟ್ರ ಕೇಸಿನಲ್ಲಿ ಇದನ್ನು ಹೇಗೆ ಮಾಡಿದೆ ಎಂದು ಹೇಳುತ್ತೇನೆ. ಮನೆ ಕಟ್ಟಿಸಲು ಸೈಟು ಬೇಕೆಂದು ಅವರು ಒಬ್ಬರಿಗೆ ಮುಂಗಡ ಕೊಟ್ಟಿದ್ದರು. ಕ್ರಯಪತ್ರ ಆಗಲೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ. ದಾವೆ ಹೂಡಿದೆವು. 22 ಲಕ್ಷ ರೂಪಾಯಿ, ಅದರ ಮೇಲೆ ವರ್ಷಕ್ಕೆ ಶೇಕಡ 6 ಬಡ್ಡಿ, ಖರ್ಚು ಸೇರಿ ಡಿಕ್ರಿ ಆಯಿತು.

ಮೊದಲು ಮಾಡಿದ ಕೆಲಸ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುನ್ಸೂಚನೆ, ಹಾಕಿದ್ದು. ಇಲ್ಲದಿದ್ದರೆ ನಮ್ಮ ಮಾತು ಕೇಳದೆಯೇ ಸ್ಟೇ ಆಗಿಬಿಡಬಹುದು. ಕೇವಿಯಟ್ ಬಾಳುವುದು 90 ದಿನ. ಹೈಕೋರ್ಟಿಗೆ ಅಪೀಲು ಹಾಕಲು ಇರುವ ಗಡುವೂ 90 ದಿನವೇ. ಆದರೆ ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಗಡುವಿನ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಅಂದರೆ ಕೇವಿಯಟ್ ಮುಗಿದ ಮೇಲೂ ಅವರಿಗೆ ಅಪೀಲು ಹಾಕಲು ಸಮಯ ಉಳಿದಿರುತ್ತದೆ. ಹಾಗಾಗಿ ಅವಧಿ ಮುಗಿಯುತ್ತಿದ್ದಂತೆ ಮತ್ತೊಂದು ಕೇವಿಯಟ್ ಹಾಕಿದೆ.

ಇನ್ನೊಂದು ಕಡೆ ಹುಬ್ಬಳ್ಳಿಯಲ್ಲೇ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ. ಇದಕ್ಕೆ ಕಾಲಮಿತಿ 12 ವರ್ಷ ಇದೆ ನಿಜ, ಆದರೆ ಕಾಯುವುದರಲ್ಲಿ ಲಾಭವಿಲ್ಲ. ಡಿಕ್ರಿಯಾಗಿ ಎರಡು ವರ್ಷ ದಾಟಿದರೆ 21ನೇ ಆದೇಶದ 22ನೇ ನಿಯಮದ ಪ್ರಕಾರ ಸಾಲಗಾರನಿಗೆ, ಅಂದರೆ ಡಿಕ್ರಿ ಹಣ ಕೊಡಬೇಕಾದವನಿಗೆ, ಮೊದಲು ನೋಟಿಸು ಕೊಡಬೇಕಾಗುತ್ತದೆ. ನೋಟಿಸು ಜಾರಿಯಾಗದೆ ವಾಪಸ್ ಬರುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಅರ್ಜಿಯ ಕಾಲಂಗಳಲ್ಲಿ ಅಪೀಲು ಆಗಿದೆಯೇ ಎಂದು ಕೇಳುವ ಕಾಲಂ ಒಂದಿದೆ. ಅಪೀಲು ಆಗಿದ್ದರೆ ಆಗಿದೆ ಎಂದೇ ಬರೆಯಬೇಕು, ಮುಚ್ಚಿಡಬಾರದು. ಬಡ್ಡಿಯ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಬರೆದು ಲಗತ್ತಿಸಿದೆ. ಮೇಷ್ಟ್ರ ಕೇಸಿನಲ್ಲಿ ಬರೀ ಬಡ್ಡಿಯೇ ವರ್ಷಕ್ಕೆ 1,32,000 ರೂಪಾಯಿ.

ಎದುರಿನ ವಕೀಲರು ಬಂದು, "ಅಪೀಲು ನಂಬರಾಗಿದೆ, ಸಮಯ ಕೊಡಿ" ಎಂದರು. ಸ್ಟೇ ಆದೇಶ ತೋರಿಸಲಿ ಎಂದಷ್ಟೇ ನಾನು ಕೇಳಿದ್ದು. ಆದೇಶದ ಪ್ರತಿ ಇನ್ನೂ ಕೈಸೇರಿಲ್ಲ ಎಂದಾದರೆ, ಸ್ಟೇ ಆಗಿದೆ ಎಂದು ಅಪೀಲುದಾರ ಸ್ವತಃ ಪ್ರಮಾಣಪತ್ರ (ಅಫಿಡವಿಟ್) ಹಾಕಿದರೂ ಸಾಕು, ಕೆಳಗಿನ ಕೋರ್ಟು ಅದನ್ನು ಒಪ್ಪಿ ನಿಲ್ಲಿಸಬೇಕು. ಅಂಥ ಪ್ರಮಾಣಪತ್ರವೂ ಇರಲಿಲ್ಲ. ನ್ಯಾಯಾಧೀಶ ಸಾಹೇಬರು ಜಪ್ತಿ ವಾರಂಟಿಗೆ ಆದೇಶ ಮಾಡಿದರು.

ಆಸ್ತಿ ಹುಡುಕುವುದೇ ನಿಜವಾದ ಕೆಲಸ. 21ನೇ ಆದೇಶದ 41ನೇ ನಿಯಮ ತುಂಬಾ ಉಪಯೋಗಕ್ಕೆ ಬರುತ್ತದೆ. ಡಿಕ್ರಿ ಹಣ 30 ದಿನ ಬಾಕಿ ಉಳಿದರೆ, ತನ್ನ ಆಸ್ತಿಯ ವಿವರವನ್ನು ಪ್ರಮಾಣ ಮಾಡಿ ಕೊಡುವಂತೆ ಸಾಲಗಾರನಿಗೆ ಆದೇಶ ಕೇಳಬಹುದು. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಈತ ಕೊಟ್ಟ ವಿವರದಲ್ಲಿ ಒಂದು ಬ್ಯಾಂಕ್ ಖಾತೆ ಮಾತ್ರ ಇತ್ತು. ವಿಚಾರಿಸಿದರೆ ಅದು ಓವರ್‌ಡ್ರಾಫ್ಟ್ ಖಾತೆ. ಅಲ್ಲಿ ಬ್ಯಾಂಕು ಅವನಿಗೆ ಕೊಡಬೇಕಾದ್ದು ಏನೂ ಇಲ್ಲ, ಅವನೇ ಬ್ಯಾಂಕಿಗೆ ಕೊಡಬೇಕು. ಜಪ್ತಿ ಮಾಡಿ ಪ್ರಯೋಜನವಿಲ್ಲ. ಆದರೆ ಮೇಷ್ಟ್ರ ಹಳೇ ಕಡತದಲ್ಲಿ ಅದೇ ಬಡಾವಣೆಯ ಇನ್ನೊಂದು ಸೈಟಿನ ಕಾಗದ ಇತ್ತು. ಇ.ಸಿ. (ಋಣಭಾರ ಪತ್ರ) ತೆಗೆಸಿದೆ. ಇನ್ನೂ ಅವನ ಹೆಸರಲ್ಲೇ ಇತ್ತು.

ಜಪ್ತಿಯ ದಿನ ನಾನೂ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರ ಜೊತೆ ಹೋದೆ. ಸೈಟಿನ ಮೂಲೆಯಲ್ಲಿ ನಿಂತು ಹಲಗೆ ಬಾರಿಸಿ ಆದೇಶ ಓದಿದರು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆದೇಶದ ಒಂದು ಪ್ರತಿಯನ್ನು ಬೇಲಿಯ ಕಲ್ಲುಕಂಬಕ್ಕೆ ಅಂಟಿಸಿ, ಇಬ್ಬರು ಪಂಚರ ಸಹಿ ಹಾಕಿಸಿಕೊಂಡರು. ಸಹಿ ಹಾಕಿದವರ ಪೂರ್ತಿ ವಿಳಾಸವನ್ನೂ ಬರೆಸಿದೆ, ಮುಂದೆ ಜಪ್ತಿಯೇ ಆಗಿಲ್ಲ ಎಂಬ ತಕರಾರು ಬರಬಾರದು ಅಂತ. ಆಮೇಲೆ ಆದೇಶದ ಒಂದು ಪ್ರತಿಯನ್ನು ಸಬ್-ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಜಪ್ತಿಯ ನಂತರ ಅವನು ಸೈಟನ್ನು ಯಾರಿಗೆ ಮಾರಿದರೂ ನಮ್ಮ ಡಿಕ್ರಿಯ ಮುಂದೆ ಆ ಮಾರಾಟ ನಿಲ್ಲುವುದಿಲ್ಲ.

ಹರಾಜಿಗೆ ಮಾತ್ರ ನಾನು ಅವಸರ ಮಾಡಲಿಲ್ಲ. ಅಪೀಲು ಬಾಕಿಯಿರುವಾಗ ಸ್ಥಿರಾಸ್ತಿಯ ಹರಾಜನ್ನು ಮುಂದೂಡಲು ಸಾಲಗಾರ ಕೇಳಿದರೆ, ಭದ್ರತೆಯ ಷರತ್ತು ಹಾಕಿ ಮುಂದೂಡಬೇಕೆಂದು 41ನೇ ಆದೇಶದ 6ನೇ ನಿಯಮವೇ ಹೇಳುತ್ತದೆ. ಹರಾಜಾಗಿ ಮೂರನೆಯವರ ಕೈಗೆ ಹೋದ ಸೈಟನ್ನು ಅಪೀಲು ಗೆದ್ದರೂ ವಾಪಸ್ ಪಡೆಯುವುದು ಕಷ್ಟ. ನಮಗೆ ಬೇಕಾದದ್ದು ಹಣ, ಒಬ್ಬರ ಸೈಟು ಹಾಳಾಗುವುದಲ್ಲ. ಜಪ್ತಿಯೇ ಸಾಕಷ್ಟು ಬಿಸಿ ಮುಟ್ಟಿಸುತ್ತದೆ.

ಹಾಗೇ ಆಯಿತು. ಜಪ್ತಿಯಾದ ಮೇಲೆಯೇ ಅವರು ಹೈಕೋರ್ಟಿನಲ್ಲಿ ಸ್ಟೇ ಅರ್ಜಿಯನ್ನು ಮುಂದಕ್ಕೆ ತಂದರು. ಕೇವಿಯಟ್ ಇದ್ದದ್ದರಿಂದ ನಮಗೂ ಕರೆ ಬಂತು. ಹಣದ ಡಿಕ್ರಿಗೆ ಠೇವಣಿ ಅಥವಾ ಭದ್ರತೆ ಇಲ್ಲದೆ ಸ್ಟೇ ಕೊಡಬಾರದು ಎಂಬ ನಿಯಮವನ್ನೂ, ಸ್ಟೇ ಕೇಳಲು ಆದ ತಡವನ್ನೂ ಪೀಠದ ಗಮನಕ್ಕೆ ತಂದೆವು. ಡಿಕ್ರಿಯ ಅರ್ಧ ಹಣ ಠೇವಣಿ ಇಡಬೇಕು, ಅಪೀಲು ತೀರ್ಮಾನವಾಗುವವರೆಗೆ ಜಪ್ತಿ ಮುಂದುವರಿಯಲಿ ಎಂದು ಆದೇಶವಾಯಿತು. ಹಣ ಕಟ್ಟಿದರು.

ಆ ಠೇವಣಿಯನ್ನು ಬಿಡಿಸಿಕೊಳ್ಳಲು ನಾವೇ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಸ್ಟೇಗಾಗಿ ಇಟ್ಟ ಠೇವಣಿ ಡಿಕ್ರಿದಾರನಿಗೆ ಕೊಟ್ಟ ಹಣ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಬ್ಯಾಂಕ್ ಗ್ಯಾರಂಟಿ ಕೊಡುವುದು ಮೇಷ್ಟ್ರಿಗೆ ಭಾರವಾಗುತ್ತಿತ್ತು. ತಮ್ಮ ಮನೆಯನ್ನೇ ಜಾಮೀನಾಗಿ ಕೊಟ್ಟರು. ಅದರ ಮೇಲೆ ಸ್ವಲ್ಪ ಹಣ ತೆಗೆಯಲು ಅನುಮತಿ ಸಿಕ್ಕಿತು, ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್.ಡಿ. ಇಡಲು ಕೇಳಿಕೊಂಡೆವು.

"ಈ ರೊಕ್ಕ ಖರ್ಚ್ ಮಾಡಬಹುದೇನ್ರಿ ವಕೀಲ ಸಾಹೇಬ್ರ?" ಎಂದು ಕೇಳಿದರು ಮೇಷ್ಟ್ರು. ಅಪೀಲು ಎದುರಿನವರ ಕಡೆ ಆದರೆ ಅದೇ ಸಂಹಿತೆಯ 144ನೇ ಕಲಮಿನ ಪ್ರಕಾರ ಇದನ್ನು ವಾಪಸ್ ಕೊಡಬೇಕಾಗುತ್ತದೆ ಎಂದು ಬಿಡಿಸಿ ಹೇಳಿದೆ. ಮುಂಗಡಕ್ಕಾಗಿ ಮಾಡಿದ್ದ ಸಾಲ ಇದ್ದರೆ ಅದನ್ನು ತೀರಿಸಿ, ಜಾಸ್ತಿ ಬಡ್ಡಿಯಾದರೂ ಉಳಿಯುತ್ತದೆ, ಹೊಸ ಸೈಟಿಗೆ ಮಾತ್ರ ಈಗಲೇ ಕೈ ಹಾಕಬೇಡಿ ಎಂದೆ. ಅವರು ಸೊಸೈಟಿ ಸಾಲ ತೀರಿಸಿದರು. ಉಳಿದ ಅರ್ಧಕ್ಕೆ ಆ ಸೈಟಿನ ಮೇಲೆ ಜಪ್ತಿ ಇದ್ದೇ ಇದೆ, ಅಪೀಲು ವಿಚಾರಣೆಗೆ ಬರಬೇಕು.