ಗೀಳು ಮತ್ತು ಅತಿ ಸಂವೇದನೆ ಒಂದೇ ಮಗುವಿನಲ್ಲಿದ್ದಾಗ ನಾನು ಚಿಕಿತ್ಸೆ ಆರಿಸಿದ ಬಗೆ

ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ಮೈಸೂರಿನಲ್ಲಿ ಕೆಲಸ ಮಾಡುವ ನನ್ನ ಬಳಿಗೆ ಬರುವ ತಂದೆತಾಯಂದಿರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ಯಾವ ಥೆರಪಿ ಕೊಡಿಸಬೇಕು ಎಂಬುದೇ ಆಗಿರುತ್ತದೆ. ಮಗುವಿಗಿರುವುದು ಗೀಳು ಮನೋರೋಗ, ಅಂದರೆ ಈಗ ಎಲ್ಲರೂ ಒಸಿಡಿ ಎನ್ನುವ ಕಾಯಿಲೆ ಮಾತ್ರವಾಗಿದ್ದರೆ ಉತ್ತರ ಹೇಳುವುದು ಅಷ್ಟು ಕಷ್ಟವಲ್ಲ. ಅದರ ಜೊತೆಗೆ ಶಬ್ದ, ಸ್ಪರ್ಶ, ವಾಸನೆಗಳನ್ನು ತಾಳಿಕೊಳ್ಳಲಾಗದ ಅತಿ ಸಂವೇದನೆಯೂ ಇದ್ದಾಗ ಮಾತ್ರ ನಾನು ಉತ್ತರ ಕೊಡಲು ಸಮಯ ಕೇಳುತ್ತೇನೆ, ಏಕೆಂದರೆ ಇವೆರಡಕ್ಕೆ ಬೇಕಾದ ನೆರವು ಎದುರುಬದುರು ದಿಕ್ಕಿನದು. ಗೀಳು ಹೇಳಿದಂತೆ ಮನೆಯವರು ಕೇಳಿದಷ್ಟೂ ಅದು ಬೆಳೆಯುತ್ತದೆ. ಅತಿ ಸಂವೇದನೆಗೆ ಮನೆಯವರು ಸ್ವಲ್ಪವೂ ಹೊಂದಿಕೊಳ್ಳದಿದ್ದರೆ ಮಗು ನಲುಗುತ್ತದೆ.

ಇಲ್ಲಿ ಹೇಳುವುದು ಸುಮಾರು ಒಂಬತ್ತು ವರ್ಷದ ಒಬ್ಬ ಹುಡುಗನ ಸಂಗತಿ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವನು ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತಿದ್ದ, ದಿನಕ್ಕೆ ಹಲವು ಬಾರಿ ಶರ್ಟು ಬದಲಿಸುತ್ತಿದ್ದ, ಮಿಕ್ಸಿ ಹಾಕಿದರೆ ಮನೆಯಿಂದ ಹೊರಗೆ ಓಡುತ್ತಿದ್ದ, ಲೋಳೆಯಿರುವ ಬೆಂಡೆಕಾಯಿ ಪಲ್ಯವನ್ನು ಕಂಡರೆ ಊಟದಿಂದಲೇ ಎದ್ದುಬಿಡುತ್ತಿದ್ದ, ಸಾಕ್ಸ್ ಹಾಕಿಕೊಳ್ಳುವುದರಲ್ಲೇ ಶಾಲೆಯ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ. ಇವೆಲ್ಲವನ್ನೂ ಸಂವೇದನೆಯ ತೊಂದರೆಯೆಂದೇ ಪರಿಗಣಿಸಿದ್ದ ಒಂದು ಕೇಂದ್ರದಲ್ಲಿ ಅವನಿಗೆ ಕೆಲವು ತಿಂಗಳು ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ ನಡೆದಿತ್ತು. ಉಯ್ಯಾಲೆ, ಮೈಗೆ ಬ್ರಷ್ ಉಜ್ಜುವುದು ಇತ್ಯಾದಿಗಳಿಂದ ಅವನು ಸ್ವಲ್ಪ ಹೊತ್ತು ಶಾಂತನಾಗುತ್ತಿದ್ದನಾದರೂ ಕೈ ತೊಳೆಯುವುದು ಹೆಚ್ಚುತ್ತಲೇ ಹೋಗಿತ್ತು.

ನಾನು ಮೊದಲು ಮಾಡಿದ ಕೆಲಸ ಬೇರ್ಪಡಿಸುವುದು. ತಾಯಿಯೊಂದಿಗೆ ಕುಳಿತು ಅವನ ಒಂದೊಂದು ನಡವಳಿಕೆಯನ್ನೂ ಬರೆದುಕೊಂಡೆ, ಆಮೇಲೆ ಹುಡುಗನನ್ನೇ ಪ್ರತಿಯೊಂದರ ಬಗೆಗೂ, "ಹಾಗೆ ಮಾಡದೇ ಬಿಟ್ಟರೆ ಏನಾಗುತ್ತೆ ಪುಟ್ಟ?" ಎಂದು ಕೇಳಿದೆ. ಬೆಳಿಗ್ಗೆ ಶರ್ಟು ಬದಲಿಸುವುದಕ್ಕೆ ಅವನ ಉತ್ತರ, "ಕತ್ತಿನ ಹತ್ತಿರ ಚುಚ್ಚುತ್ತೆ" ಎಂದಷ್ಟೇ. ಸಂಜೆ ಬದಲಿಸುವುದಕ್ಕೆ ಮಾತ್ರ ಅವನು ಬಹಳ ಹೊತ್ತು ಸುಮ್ಮನಿದ್ದು, ಬಸ್ಸಿನಲ್ಲಿ ಯಾರೋ ವಾಂತಿ ಮಾಡಿಕೊಂಡಿದ್ದರೆಂದೂ, ಆ ರೋಗ ತನ್ನ ಬಟ್ಟೆಯಿಂದ ಅಮ್ಮನಿಗೆ ತಗುಲಿ ಅವಳು ಸತ್ತುಹೋಗಬಹುದೆಂದೂ ಹೇಳಿದ. ಶರ್ಟು ಒಂದೇ, ಬದಲಿಸುವ ಕಾರಣಗಳು ಎರಡು. ಇನ್ನೊಂದು ಗುರುತನ್ನೂ ನಾನು ನೋಡುತ್ತೇನೆ. ಕತ್ತಿನ ಲೇಬಲ್ಲನ್ನು ಕತ್ತರಿಸಿ ತೆಗೆದ ದಿನವೇ ಬೆಳಗಿನ ಗಲಾಟೆ ನಿಂತುಹೋಯಿತು, ಅವನು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಸಂಜೆ ಶರ್ಟು ಬದಲಿಸಿದ ಮೇಲೆ ಸಿಗುತ್ತಿದ್ದ ನೆಮ್ಮದಿಯಾದರೋ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ. ಹೊಸ ಶರ್ಟು ಹಳೆಯದಕ್ಕೆ ತಾಗಿತೇ, ತಾಗಿದ್ದರೆ ಏನು ಗತಿ ಎಂಬ ಅನುಮಾನ ಬೆನ್ನಿಗೇ ಬರುತ್ತಿತ್ತು. ಕಾರಣವನ್ನು ತೆಗೆದ ಕೂಡಲೇ ಮುಗಿಯುವುದು ಸಂವೇದನೆಯ ತೊಂದರೆ, ತೆಗೆದಷ್ಟೂ ಹೊಸ ಕಾರಣ ಹುಟ್ಟಿಸುವುದು ಗೀಳು ಎಂಬುದು ಎಲ್ಲ ಸಲವೂ ಅಲ್ಲದಿದ್ದರೂ ಬಹಳ ಸಲ ನನ್ನ ಕೈ ಹಿಡಿದಿದೆ.

ಸಾಕ್ಸ್ ಈ ಎರಡು ಪಟ್ಟಿಗಳಲ್ಲೂ ಸುಲಭವಾಗಿ ಸೇರಲಿಲ್ಲ. ಹೊಲಿಗೆ ಚುಚ್ಚುತ್ತಿರಲಿಲ್ಲ, ಹಾಕಿಕೊಳ್ಳದಿದ್ದರೆ ಯಾರಿಗಾದರೂ ಏನಾದರೂ ಆಗುತ್ತದೆಂಬ ಭಯವೂ ಇರಲಿಲ್ಲ. ಎರಡೂ ಕಾಲಿನ ಬಿಗಿ ಒಂದೇ ಸಮ ಅನ್ನಿಸುವವರೆಗೆ ಎಳೆಯುತ್ತಲೇ ಇರಬೇಕಿತ್ತು. 'ಇನ್ನೂ ಸರಿಯಾಗಲಿಲ್ಲ' ಎಂಬ ಈ ಅನಿಸಿಕೆ ಒಸಿಡಿಯಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು, ಆದರೆ ಮಾತು ಮೈಯ ಸಂವೇದನೆಯ ಭಾಷೆಯಲ್ಲಿ ಬರುವುದರಿಂದ ಸುಲಭವಾಗಿ ತಪ್ಪು ಪಟ್ಟಿಗೆ ಹೋಗಿಬಿಡುತ್ತದೆ. ನಾನು ಅದನ್ನು ಗೀಳಿನ ಕಡೆಗೇ ಸೇರಿಸಿದೆ, ಏಕೆಂದರೆ ಎಷ್ಟು ಮೆತ್ತನೆಯ ಸಾಕ್ಸ್ ತಂದರೂ ಎಳೆಯುವುದು ನಿಲ್ಲಲಿಲ್ಲ.

ನಮ್ಮ ಮನೆಗಳಲ್ಲಿ ಕೇಳಲೇಬೇಕಾದ ಮತ್ತೊಂದು ಪ್ರಶ್ನೆ ಮಡಿ-ಮೈಲಿಗೆಯದು. ಈ ಹುಡುಗನ ಅಜ್ಜಿ ಮಡಿಯವರು, ಮುಸುರೆ ಕೈಯನ್ನು ಯಾವುದಕ್ಕೂ ತಾಗಿಸುವವರಲ್ಲ. ಮೊಮ್ಮಗ ತನ್ನನ್ನು ನೋಡಿ ಕಲಿತನೆಂದು ಮನೆಯವರು ಬೈಯುತ್ತಾರೆ ಎಂದು ನೊಂದುಕೊಂಡಿದ್ದ ಆಕೆಯೇ, "ನನ್ನ ಮಡಿ ಊಟ ಆದಮೇಲೆ ಮುಗಿಯುತ್ತೆ ಕಣಮ್ಮ, ಇವನದು ಮುಗಿಯೋದೇ ಇಲ್ಲ" ಎಂದರು. ರೋಗಲಕ್ಷಣವನ್ನು ಆಚರಣೆಯಿಂದ ಬೇರೆ ಮಾಡಿ ತೋರಿಸಲು ನಾನು ಬಳಸುವ ಯಾವ ವಿವರಣೆಗಿಂತಲೂ ಅದು ಸ್ಪಷ್ಟವಾಗಿತ್ತು.

ಅಳತೆಯ ವಿಷಯದಲ್ಲೂ ಈ ಬೇರ್ಪಡಿಕೆ ಮುಖ್ಯ. ಮಕ್ಕಳ ಒಸಿಡಿಯ ತೀವ್ರತೆಯನ್ನು ಅಳೆಯಲು ಬಳಸುವ ಸಿವೈ-ಬಾಕ್ಸ್ ಮಾಪನದಲ್ಲಿ ಹತ್ತು ಅಂಶಗಳಿದ್ದು, ಪ್ರತಿಯೊಂದಕ್ಕೂ 0ರಿಂದ 4 ಅಂಕ, ಒಟ್ಟು 40. ಮಿಕ್ಸಿಯ ಶಬ್ದಕ್ಕೆ ಓಡುವುದನ್ನೂ ಬೆಂಡೆಕಾಯಿಯನ್ನೂ ಅದರೊಳಗೆ ತುರುಕಿದರೆ ಅಂಕ ಸುಮ್ಮನೆ ಏರುತ್ತದೆ, ಆಮೇಲೆ ಗೀಳು ಕಡಿಮೆಯಾದರೂ ಅಂಕ ಇಳಿಯುವುದಿಲ್ಲ. ಆದ್ದರಿಂದ ಅವಕ್ಕೆ ವಿನ್ನಿ ಡನ್ ರೂಪಿಸಿದ ಸೆನ್ಸರಿ ಪ್ರೊಫೈಲ್ ಪ್ರಶ್ನಾವಳಿಯನ್ನು ಪ್ರತ್ಯೇಕವಾಗಿ ತುಂಬಿಸಿಕೊಂಡೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿಯಾದ 2013ರ ಡಿಎಸ್‌ಎಂ-5 ಅತಿ ಸಂವೇದನೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿರುವುದರಿಂದ ಆ ದಿಕ್ಕಿನಲ್ಲೂ ಪೂರ್ಣ ಪರೀಕ್ಷೆ ಮಾಡಿಸಿದೆ. ಇವನಿಗೆ ಆಟಿಸಂ ಇರಲಿಲ್ಲ. ಲಕ್ಷಣಗಳು ಒಂದೆರಡು ದಿನಗಳಲ್ಲಿ ಹಠಾತ್ತನೆ ಶುರುವಾಗಿದ್ದರೆ, ಕೆಲವು ಮಕ್ಕಳಲ್ಲಿ ಗಂಟಲಿನ ಸೋಂಕಿನ ಬೆನ್ನಿಗೇ ಗೀಳು ಕಾಣಿಸಿಕೊಳ್ಳುವುದುಂಟೆಂದು ಹೇಳಲಾಗುವುದರಿಂದ, ಆ ಸೋಂಕಿನ ಇತಿಹಾಸವನ್ನು ಮಕ್ಕಳ ವೈದ್ಯರ ಬಳಿ ನೋಡಿಸಬೇಕಾಗುತ್ತಿತ್ತು, ಆದರೆ ಇಲ್ಲಿ ಎಲ್ಲವೂ ನಿಧಾನವಾಗಿ ಬೆಳೆದಿತ್ತು.

ಗೀಳಿನ ಪಟ್ಟಿಗೆ ನಾನು ಆರಿಸಿದ್ದು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಅಂದರೆ ಇಆರ್‌ಪಿ. ಭಯ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸುತ್ತಾ, ಅದರ ಬೆನ್ನಿಗೆ ಬರುವ ತೊಳೆಯುವ, ಪರೀಕ್ಷಿಸುವ ಕ್ರಿಯೆಯನ್ನು ಮಾಡದೆ ಇರುವ ಈ ವಿಧಾನದ ಬೇರು ವಿಕ್ಟರ್ ಮೇಯರ್ ಲಂಡನ್ನಿನಲ್ಲಿ ಮಾಡಿ 1966ರಲ್ಲಿ ಪ್ರಕಟಿಸಿದ ಚಿಕಿತ್ಸೆಯಲ್ಲಿದೆ. ತಂದೆಗೆ ಅಂಕಿಅಂಶ ಬೇಕಿತ್ತು. 7ರಿಂದ 17 ವರ್ಷದ 112 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪಾಟ್ಸ್ ಅಧ್ಯಯನವನ್ನು ಅವರ ಮುಂದಿಟ್ಟೆ: ಹನ್ನೆರಡು ವಾರಗಳ ಕೊನೆಗೆ ಲಕ್ಷಣಗಳು ಬಹುತೇಕ ಹೋದವರು ಇಆರ್‌ಪಿ ಒಳಗೊಂಡ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಥೆರಪಿ) ಪಡೆದವರಲ್ಲಿ ಶೇ. 39.3, ಒಸಿಡಿಗೆ ಕೊಡುವ ಸರ್ಟ್ರಲಿನ್ ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 21.4, ಎರಡನ್ನೂ ಪಡೆದವರಲ್ಲಿ ಶೇ. 53.6, ಹುಸಿ ಮಾತ್ರೆ ಪಡೆದವರಲ್ಲಿ ಶೇ. 3.6. ಮಾತ್ರೆ ಸೇರಿದರೆ ಹೆಚ್ಚು ಫಲವಿದೆಯಲ್ಲ ಎಂದು ಅವರು ಕೇಳಿದ್ದು ನ್ಯಾಯವೇ. ಹುಡುಗ ಊಟ ಬಿಟ್ಟಿರಲಿಲ್ಲ, ಶಾಲೆ ನಿಂತಿರಲಿಲ್ಲ, ಖಿನ್ನತೆ ಇರಲಿಲ್ಲ. ಹಾಗಾಗಿ ಥೆರಪಿಯಿಂದ ಶುರುಮಾಡಿ, ಅಂಕ ಇಳಿಯದಿದ್ದರೆ ಮಕ್ಕಳ ಮನೋವೈದ್ಯರ ಬಳಿ ಮಾತ್ರೆಯ ವಿಚಾರ ಎತ್ತುವುದೆಂದು ಒಪ್ಪಿಕೊಂಡೆವು. ಊಟ ಬಿಡುವುದು, ಶಾಲೆ ನಿಲ್ಲುವುದು, ಖಿನ್ನತೆ, ಈ ಮೂರರಲ್ಲಿ ಒಂದಿದ್ದರೂ ನಾನು ಮೊದಲೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸುತ್ತಿದ್ದೆ.

ಬರಿಯ ಉಸಿರಾಟದ ವ್ಯಾಯಾಮ, ವಿಶ್ರಾಂತಿ ತರಬೇತಿ ಸಾಲದೇ ಎಂಬ ಪ್ರಶ್ನೆಯೂ ಬಂತು. 5ರಿಂದ 8 ವರ್ಷದ 127 ಮಕ್ಕಳಲ್ಲಿ ಇದನ್ನೇ ಹೋಲಿಸಿ ನೋಡಿದ 2014ರ ಅಧ್ಯಯನದಲ್ಲಿ, ಪೋಷಕರನ್ನೂ ಸೇರಿಸಿಕೊಂಡು ಇಆರ್‌ಪಿ ಮಾಡಿದವರಲ್ಲಿ ಶೇ. 72 ಮಂದಿ ಗಣನೀಯವಾಗಿ ಸುಧಾರಿಸಿದರೆ ವಿಶ್ರಾಂತಿ ತರಬೇತಿ ಪಡೆದವರಲ್ಲಿ ಶೇ. 41. ಥೆರಪಿಸ್ಟನ್ನು ಹುಡುಕುವ ತಂದೆತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೋಡಿ, ನಂತರ, ಭಯದ ವಸ್ತುವನ್ನು ಎದುರಿಸುವ ಅಭ್ಯಾಸವನ್ನು ನಿಮ್ಮ ಕೋಣೆಯಲ್ಲೇ ಮಗುವಿನಿಂದ ಮಾಡಿಸುತ್ತೀರಾ, ನಮಗೂ ಕಲಿಸುತ್ತೀರಾ ಎಂದು ಕೇಳಿ. ಮಾತನಾಡಿಸಿ ಕಳಿಸುತ್ತೇವೆ ಎಂಬ ಉತ್ತರ ಬಂದರೆ ಬೇರೆಡೆ ನೋಡಿ.

ಅಭ್ಯಾಸಗಳನ್ನು ಆರಿಸುವಾಗ ಅತಿ ಸಂವೇದನೆ ನನ್ನನ್ನು ಬಹಳ ಜಾಗರೂಕಳನ್ನಾಗಿ ಮಾಡಿತು. ಕೈ ಕೊಳಕಾಯಿತೆಂಬ ಭಯಕ್ಕೆ ಜಿಗುಟಾದ ವಸ್ತುವನ್ನು ಮುಟ್ಟಿಸಿದ್ದರೆ, ಅವನು ಕೈ ಎಳೆದುಕೊಂಡಾಗ ಅದು ರೋಗದ ಭಯದಿಂದಲೋ ಜಿಗುಟಿನಿಂದಲೋ ಎಂಬುದು ನನಗೂ ತಿಳಿಯುತ್ತಿರಲಿಲ್ಲ, ಅವನಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಒಣ ವಸ್ತುಗಳನ್ನೇ ಆರಿಸಿದೆ: ಬಾಗಿಲ ಹಿಡಿ, ಚಿಲ್ಲರೆ ನಾಣ್ಯ, ಬಸ್ಸಿನ ಸೀಟು, ಕೊನೆಗೆ ಬಸ್ಸಿನ ಶರ್ಟಿನಲ್ಲೇ ಅಮ್ಮನನ್ನು ಅಪ್ಪಿಕೊಳ್ಳುವುದು. ಪ್ರತಿ ಹಂತದಲ್ಲೂ ಅವನು ಭಯಕ್ಕೆ 0ರಿಂದ 10ರೊಳಗೆ ಒಂದು ಅಂಕ ಕೊಡುತ್ತಿದ್ದ. ಕೋಣೆಯಲ್ಲಿ ಫಿನಾಯಿಲ್ ವಾಸನೆ ಇರದಂತೆ, ಹೊರಗಿನ ಹಾರ್ನು ಕೇಳದಂತೆ ನೋಡಿಕೊಂಡೆ. ಬಿರಿದ ಕೈಗಳಿಗೆ ವೈದ್ಯರು ಕೊಟ್ಟ ಮುಲಾಮಿನ ಜಿಡ್ಡನ್ನು ತೊಳೆಯಲೆಂದೇ ಅವನು ಮತ್ತೆ ನಲ್ಲಿಗೆ ಹೋಗುತ್ತಿದ್ದುದರಿಂದ ಬೇಗ ಹೀರಿಕೊಳ್ಳುವ ಲೋಷನ್ ಬರೆಸಿಕೊಂಡೆವು. ಸಣ್ಣ ವಿಷಯವೆನ್ನಿಸಿದರೂ ಅದರಿಂದ ಕೈ ತೊಳೆಯುವ ಒಂದು ನೆಪ ಪೂರ್ತಿ ಇಲ್ಲವಾಯಿತು.

ಆಕ್ಯುಪೇಷನಲ್ ಥೆರಪಿಯನ್ನು ನಾನು ನಿಲ್ಲಿಸಲಿಲ್ಲ, ಅದರ ಗುರಿಯನ್ನು ಬದಲಿಸಲು ಕೇಳಿಕೊಂಡೆ. ಅದು ಒಸಿಡಿಯನ್ನು ಗುಣಪಡಿಸುತ್ತದೆಂದು ಹೇಳಲು ಆಧಾರವಿಲ್ಲ. ಆದರೆ ಮನೆಯನ್ನೂ ತರಗತಿಯನ್ನೂ ಮಗುವಿಗೆ ಸಹನೀಯವಾಗಿಸುವ ದಾರಿಗಳನ್ನು ಆ ಥೆರಪಿಸ್ಟರು ನನಗಿಂತ ಚೆನ್ನಾಗಿ ಬಲ್ಲರು. ಮಿಕ್ಸಿ ಹಾಕುವ ಮೊದಲು ಹೇಳುವುದು, ಮದುವೆಮನೆಯ ವಾಲಗದಂಥ ಕಡೆ ಮಾತ್ರ ಕಿವಿಗೆ ಇಯರ್‌ಮಫ್ ಹಾಕುವುದು, ಬೆಂಡೆಕಾಯಿ ಬೇಡವೆಂದರೆ ಬಿಡುವುದು, ಇವು ಅವರು ಬರೆದ ಪಟ್ಟಿಯಲ್ಲಿದ್ದವು. ಶಾಲೆಯ ಶಿಕ್ಷಕಿಗೂ ಎರಡು ಬೇರೆ ಬೇರೆ ಚೀಟಿಗಳನ್ನು ಕೊಟ್ಟೆವು, ಒಂದು ಅನುಮತಿಸಬೇಕಾದವುಗಳದು, ಇನ್ನೊಂದು ಅನುಮತಿಸಬಾರದವುಗಳದು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬಿದ್ದದ್ದು ತಾಯಿಗೆ. "ಕೈ ಕ್ಲೀನಾಗಿದೆಯಾ ಅಮ್ಮ?" ಎಂಬ ಪ್ರಶ್ನೆಗೆ ಅವರು ದಿನವಿಡೀ ಹೌದೆನ್ನುತ್ತಿದ್ದರು, ಪ್ರತಿ ಹೌದೂ ಮುಂದಿನ ಪ್ರಶ್ನೆಯನ್ನು ಕರೆಯುತ್ತಿತ್ತು. ಇನ್ನು ಮುಂದೆ ಉತ್ತರಿಸುವುದಿಲ್ಲವೆಂದು ಹುಡುಗನಿಗೆ ಮೊದಲೇ ಹೇಳಿ, ಕೇಳಿದಾಗ, "ಇದನ್ನು ಕೇಳುತ್ತಿರೋದು ಗೀಳು ಅನ್ನಿಸುತ್ತೆ ಕಂದ, ನೀನು ತಡೆದುಕೊಳ್ಳಬಲ್ಲೆ" ಎಂದಷ್ಟೇ ಹೇಳುವಂತೆ ಅಭ್ಯಾಸ ಮಾಡಿಸಿದೆ. ಅವನು ಥೆರಪಿಗೆ ಬರಲೊಪ್ಪದಿದ್ದರೆ ತಂದೆತಾಯಿಯರೊಂದಿಗೆ ಮಾತ್ರ ಕೆಲಸ ಮಾಡುವ, ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ರೂಪಿಸಿದ ವಿಧಾನವನ್ನು ಹಿಡಿಯಬೇಕೆಂದಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಮಾತ್ರೆಯಿಲ್ಲದೆಯೇ ಕೈ ತೊಳೆಯುವುದು ಊಟ, ಶೌಚದ ಹೊತ್ತಿಗಷ್ಟೇ ಸೀಮಿತವಾಯಿತು, ಸಾಕ್ಸ್ ಇನ್ನೂ ಕೆಲವು ಬೆಳಿಗ್ಗೆ ತಡಮಾಡಿಸುತ್ತದೆ. ಮಿಕ್ಸಿಯ ಶಬ್ದ ಈಗಲೂ ಆಗದು, ಅದನ್ನು ಸೋಲೆಂದು ನಾನು ಎಣಿಸಿಲ್ಲ. ದೀಪಾವಳಿಯ ಮರುವಾರ ಬಂದಾಗ ತಾಯಿ ಹೇಳಿದರು: ಪಟಾಕಿ ಹೊಡೆಯುವಾಗ ಅವನು ಕಿವಿ ಮುಚ್ಚಿಕೊಂಡು ಒಳಕೋಣೆಗೆ ಹೋದ, ಹೋಗಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಬಂದು, ಹೊಗೆ ತಾಗಿದ ಕಜ್ಜಾಯ ತಿಂದರೆ ಅಜ್ಜಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದ, ಅದಕ್ಕೆ ಅವರು ಉತ್ತರಿಸಲಿಲ್ಲ. ಎರಡನ್ನೂ ನನ್ನನ್ನು ಕೇಳದೆ ಅವರೇ ತೀರ್ಮಾನಿಸಿದ್ದರಿಂದ ಮುಂದಿನ ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸಿದೆ.